ನೀಲಿ ಹತ್ತದ ಗಾಜು

ಮಚ್ಚೇಂದ್ರ ಕಳೆದ ಫೆಬ್ರವರಿ ಹನ್ನೊಂದರಂದು, ಮಂಗಳವಾರ ನಸುಕಿನಲ್ಲಿ, ಬಸವಕಲ್ಯಾಣದ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನಿಗೆ ಐವತ್ತೊಂಬತ್ತು ವರ್ಷ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿತ್ತು. ನಾನು ಡಾಕ್ಟರು; ಕಾರಣ ಬರೆದು ಸಹಿ ಹಾಕುವುದು ನನಗೆ ಅಭ್ಯಾಸವಾದ ಕೆಲಸ. ಅವನ ಬಗ್ಗೆ ಅಷ್ಟೇ ಬರೆದು ಸುಮ್ಮನಾಗಲು ನನಗೆ ಹಕ್ಕಿಲ್ಲ.

ಅವನ ನಡಿಗೆಯನ್ನು ಒಮ್ಮೆ ನೋಡಿದವರು ಮರೆಯುತ್ತಿರಲಿಲ್ಲ. ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಮುಂಗೈಗಳನ್ನು ಮುಂದೆ ಚಾಚಿ, ಕಣ್ಣನ್ನು ಎರಡು ಮಾರು ಆಚೆಗಿನ ನೆಲದ ಮೇಲಿಟ್ಟು, ಅಂಚಿನವರೆಗೆ ತುಂಬಿದ ತಟ್ಟೆ ಹಿಡಿದವನಂತೆ ಬರುತ್ತಿದ್ದ. ಕೈಯಲ್ಲಿ ಏನೂ ಇರುತ್ತಿರಲಿಲ್ಲ. ವರ್ಷಗಟ್ಟಲೆ ಬಣ್ಣದ ಜಾಡಿಗಳನ್ನು ಟ್ರೇಯಲ್ಲಿಟ್ಟುಕೊಂಡು ಓಡಾಡಿದ ದೇಹ ಖಾಲಿ ಕೈಯಲ್ಲಿ ನಡೆಯುವುದನ್ನು ಮರೆತುಬಿಟ್ಟಿತ್ತು. ಸಂತೆಯ ದಿನದ ಗದ್ದಲದಲ್ಲೂ ಜನ ತಾವಾಗಿಯೇ ಅವನಿಗೆ ದಾರಿ ಬಿಡುತ್ತಿದ್ದರು, ಏನೋ ತಮ್ಮ ಮೇಲೆ ಚೆಲ್ಲೀತೆಂದು.

ನಾವಿಬ್ಬರೂ ಬಸವಕಲ್ಯಾಣದಲ್ಲಿ ಒಂದೇ ಶಾಲೆಯ ಒಂದೇ ತರಗತಿಯಲ್ಲಿ ಓದಿದವರು. ನಮ್ಮ ಮನೆಗೆ ಭೂಮಿ ಇತ್ತು. ಅವನ ತಾಯಿ ಆ ಭೂಮಿಯಲ್ಲಿ ಕಳೆ ತೆಗೆಯಲು ಬರುತ್ತಿದ್ದರು. ನಾನು ಕಲಬುರಗಿಗೆ ಹೋಗಿ ಡಾಕ್ಟರಾದೆ, ಕತ್ತರಿಸಿದ ಮಾಂಸದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವ ವಿದ್ಯೆ ಕಲಿತೆ. ಅವನು ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮಾಡಿದ. ಊರಲ್ಲಿ ನಾನು ಲ್ಯಾಬ್ ತೆರೆದಾಗ ಮೊದಲು ಕರೆದದ್ದು ಅವನನ್ನೇ. ಒಳಗಿರುವಷ್ಟು ಹೊತ್ತು ನಾನು ‘ಸರ್’. ಸಂಜೆ ಬಾಗಿಲು ಹಾಕಿ ಚಹಾದಂಗಡಿಯ ಬೆಂಚಿಗೆ ಬಂದೊಡನೆ ‘ಏ ಈರಭದ್ರ’ ಆಗುತ್ತಿದ್ದೆ. ವೀರಭದ್ರ ಎಂದು ಪೂರ್ತಿ ಕರೆಯುವಷ್ಟು ಮರ್ಯಾದೆ ಅವನು ನನಗೆ ಎಂದೂ ಕೊಡಲಿಲ್ಲ, ನನಗೂ ಬೇಕಿರಲಿಲ್ಲ.

ಲ್ಯಾಬಿನ ಕೋಟು ಬಿಳಿ ಎನ್ನುವುದು ರೂಢಿಯ ಮಾತು. ಮಚ್ಚೇಂದ್ರನ ಕೋಟು ಬಿಳಿಯಾಗಿದ್ದದ್ದು ಹೊಲಿಸಿ ತಂದ ದಿನ ಮಾತ್ರ. ಜೇಬಿನ ಅಂಚಿಗೆ ಗುಲಾಬಿ, ತೋಳಿನ ತುದಿಗೆ ನೇರಳೆ, ಹೊಟ್ಟೆಯ ಮೇಲೆ ಬೆಳ್ಳಿ ದ್ರಾವಣದ ಕಂದು ಮಚ್ಚೆಗಳು. ಉಗುರುಗಳ ಸಂದಿಯಲ್ಲಿ ಸದಾ ಒಂದು ನೀಲಿ. ಅವನ ಹೆಂಡತಿ ಯಶೋದಾಬಾಯಿ ಊಟಕ್ಕೆ ಬಡಿಸುವಾಗ ರೊಟ್ಟಿಯ ಬುಟ್ಟಿಯನ್ನು ಅವನಿಂದ ದೂರ ಸರಿಸುತ್ತಿದ್ದರು. “ಆ ಕೈಲಿಂದ ಮುಟ್ಟಬ್ಯಾಡ್ರಿ ನೀವು. ಮಂದಿ ಬಿಳಿಜ್ವಾಳದ ರೊಟ್ಟಿ ತಿಂತಾರ, ನಮ್ಮನ್ಯಾಗ ನೀಲಿಜ್ವಾಳದ್ದು.” ಅವನು ಬೆರಳುಗಳನ್ನು ತಿರುಗಿಸಿ ನೋಡಿಕೊಂಡು, “ತೊಳದೀನಲ್ಲ,” ಎಂದು ಗೊಣಗುತ್ತಿದ್ದ.

ಯಾವುದಕ್ಕೂ ಅವನ ಮೊದಲ ಮಾತು ‘ನೋಡಿ ಹೇಳ್ತೀನಿ’. ಮಳೆ ಬರುತ್ತದೋ ಎಂದರೆ ನೋಡಿ ಹೇಳ್ತೀನಿ. ಊಟ ಆಯಿತೋ ಎಂದರೂ ಅದೇ. ಹುಮನಾಬಾದಿನಿಂದ, ಚಿಟಗುಪ್ಪದಿಂದ ಮೋಟರ್‌ಸೈಕಲ್ಲಿನ ಮೇಲೆ ಸ್ಯಾಂಪಲ್ಲಿನ ಡಬ್ಬಿಗಳನ್ನು ತರುತ್ತಿದ್ದ ನಮ್ಮ ಸಲಾವುದ್ದೀನ್ ಒಮ್ಮೆ ಚಹಾದಂಗಡಿಯಲ್ಲಿ ಎಲ್ಲರ ಮುಂದೆ ಕೇಳಿದ: “ಮಚ್ಚೇಂದ್ರ ಭಾಯ್, ನಿಮ್ಮ ಹೆಸರೇನ್ರಿ?” ಇವನು ಏನೋ ಯೋಚನೆಯಲ್ಲಿದ್ದವನು, “ನೋಡಿ ಹೇಳ್ತೀನಿ,” ಎಂದುಬಿಟ್ಟ. ಅಂಗಡಿ ಪೂರ್ತಿ ನಕ್ಕಿತು. ಎಲ್ಲರೂ ನಕ್ಕು ಮುಗಿಸಿದ ಮೇಲೆ ಅವನೂ ನಕ್ಕ.

ಅವನ ಕೆಲಸವನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ಅಪರಾಧ ಅರ್ಥವಾಗುವುದಿಲ್ಲ. ದೇಹದ ಚೂರನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಸಿಪ್ಪೆಗಿಂತ ತೆಳುವಾಗಿ ಹೆರೆದು, ಗಾಜಿನ ಸ್ಲೈಡಿಗೆ ಅಂಟಿಸಿ ಬಣ್ಣ ಹಾಕುತ್ತಾರೆ. ಮಾಮೂಲಿ ಬಣ್ಣದಲ್ಲಿ ಕಂದಾದದ್ದೆಲ್ಲ ಒಂದೇ ಥರ ಕಾಣುತ್ತದೆ. ಹಳೆಯ ರಕ್ತ ಒಡೆದು ಉಳಿದ ಕಬ್ಬಿಣ ಕಂದು. ಚರ್ಮವನ್ನು ಕಪ್ಪಾಗಿಸುವ ಕಣ ಕಂದು. ಮಾಂಸ ಕೆಡದಿರಲೆಂದು ಹಾಕಿದ ಫಾರ್ಮಲಿನ್ ಬಿಟ್ಟ ಕೊಳೆಯೂ ಕಂದು. ಯಾವುದು ಯಾವುದೆಂದು ತಿಳಿಯಲು ಬೇರೆ ಬೇರೆ ಬಣ್ಣಗಳಿವೆ. ಹಳದಿ ಹರಳಿನ ಒಂದು ರಾಸಾಯನಿಕವನ್ನು ಆಮ್ಲದೊಂದಿಗೆ ಬೆರೆಸಿ ಹಾಕಿದರೆ ಕಬ್ಬಿಣ ಇದ್ದಲ್ಲಿ ಮಾತ್ರ ಅಚ್ಚ ನೀಲಿ ಮೂಡುತ್ತದೆ, ಧೋತರಕ್ಕೆ ಹಾಕುವ ನೀಲಿಯಂಥದೇ. ಸುಣ್ಣದಂಶ ಕೂತಿದ್ದರೆ ಬೆಳ್ಳಿಯ ದ್ರಾವಣದಲ್ಲಿಟ್ಟು ಬೆಳಕು ತೋರಿಸಬೇಕು, ಅದು ಕಪ್ಪಾಗುತ್ತದೆ. ಬಲ್ಬಿನ ಬೆಳಕೂ ಆದೀತು ಎಂದು ಪುಸ್ತಕ ಹೇಳುತ್ತದೆ. ಮಚ್ಚೇಂದ್ರ ಪುಸ್ತಕವನ್ನು ಒಪ್ಪದೆ ಜಾಡಿ ಹಿಡಿದು ಮಾಳಿಗೆ ಹತ್ತುತ್ತಿದ್ದ. ಅಲ್ಲಿ ಬಿಸಿಲಿಗೆ ಕುಕ್ಕರಗಾಲಲ್ಲಿ ಕೂತು, ಕಾಗೆ ಬಂದರೆ ಓಡಿಸುತ್ತ ಕಾಯುತ್ತಿದ್ದ. ಕೆಳಗಿನಿಂದ ಸಲಾವುದ್ದೀನ್ ಕೂಗುತ್ತಿದ್ದ: “ಭಾಯ್, ಸಂಡಿಗಿ ಒಣಗಿದ್ವೇನ್ರಿ?”

ಇವೆಲ್ಲದರ ಜೊತೆ ಅವನದೊಂದು ಹಟವಿತ್ತು. ರೋಗಿಯ ಗಾಜಿಗೆ ಬಣ್ಣ ಹಾಕುವಾಗ, ಪಕ್ಕದಲ್ಲಿ ಇನ್ನೊಂದು ಗಾಜು. ಅದರಲ್ಲಿ ಕಬ್ಬಿಣ ಇದೆಯೆಂದು ಮೊದಲೇ ಗೊತ್ತಿರುವ ಯಾರದೋ ಹಳೆಯ ಮಾಂಸದ ಚೂರು. ಎರಡಕ್ಕೂ ಒಂದೇ ಜಾಡಿ, ಒಂದೇ ಗಳಿಗೆ. ಗೊತ್ತಿರುವುದು ನೀಲಿಯಾದರೆ ಮಾತ್ರ ಬಣ್ಣ ಸರಿಯಾಗಿದೆ, ಆಗ ರೋಗಿಯ ಗಾಜನ್ನು ನಂಬಬಹುದು. ನಾವದನ್ನು ಕಂಟ್ರೋಲ್ ಎನ್ನುತ್ತೇವೆ. ಅವನು ಸಾಕ್ಷಿ ಗಾಜು ಎನ್ನುತ್ತಿದ್ದ. ದೊಡ್ಡ ಊರಿನ ಲ್ಯಾಬುಗಳಲ್ಲೇ ಅವಸರಕ್ಕೆ ಇದನ್ನು ಬಿಡುವುದುಂಟು. ಮಚ್ಚೇಂದ್ರ ಒಂದು ದಿನವೂ ಬಿಡಲಿಲ್ಲ.

ಎರಡು ಸಾವಿರದ ಹದಿನೆಂಟರ ಡಿಸೆಂಬರಿನಲ್ಲಿ ಹುಮನಾಬಾದಿನ ಸರ್ಜನ್ ಒಬ್ಬರಿಂದ ಚೂರೊಂದು ಬಂತು. ಬೇಮಳಖೇಡದ ಕೂಲಿ ಹೆಂಗಸು, ಹೆಸರು ದ್ರೌಪತಿ, ಮೂವತ್ತೆಂಟು ವರ್ಷ. ಬಲಗಾಲಿನ ಹೆಬ್ಬೆರಳ ಮೇಲೆ ಕಪ್ಪು ಗಂಟು. ಗುರುವಾರ ಗಾಜು ತಯಾರಾಗಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲೆಲ್ಲೂ ಕಂದು ಕಣಗಳು. ಅದು ಚರ್ಮದ ಕಪ್ಪು ಕಣವಾದರೆ ಅತಿ ಕ್ರೂರವಾದ ಕ್ಯಾನ್ಸರು; ಬರೀ ಕಬ್ಬಿಣವಾದರೆ, ಒಳಗೆ ರಕ್ತ ಸೋರಿ ಹೆಪ್ಪುಗಟ್ಟಿದ ಒಂದು ನಿರಪಾಯದ ಗಂಟು. ಕ್ಯಾನ್ಸರೆಂದು ನನ್ನ ಕಣ್ಣು ಮೊದಲ ನೋಟಕ್ಕೇ ತೀರ್ಮಾನಿಸಿತ್ತು. ಕಬ್ಬಿಣದ ಬಣ್ಣ ಹಾಕಲು ಹೇಳಿದ್ದು ಶಾಸ್ತ್ರಕ್ಕೆ.

ಹಳದಿ ಹರಳು ತೀರಿತ್ತು. ಹೊಸ ಬಾಟಲಿ ಹೈದರಾಬಾದಿನಿಂದ ಶನಿವಾರ ಬರುವುದಿತ್ತು. ಹಿಂದಿನ ದಿನ ಬೆರೆಸಿ ಉಳಿದ ದ್ರಾವಣ ಜಾಡಿಯಲ್ಲಿ ಸ್ವಲ್ಪ ಇತ್ತು.

“ಇದು ನಿನ್ನಿದು ಸರ್. ಬೆರಸಿದ್ದು ತಾಸಿನ್ಯಾಗ ಮುಗೀಬೇಕು. ಶನಿವಾರತನ ತಡೀರಿ.”

“ಸರ್ಜನ್ ಎರಡ ಸಲ ಫೋನ್ ಮಾಡ್ಯಾನ ಮಚ್ಚೇಂದ್ರ. ಇದ್ದದ್ರಾಗ ಹಾಕು.”

ಹಾಕಿದ. ಸ್ವಲ್ಪ ಹೊತ್ತಿಗೆ ಎರಡು ಗಾಜುಗಳನ್ನು ತಂದು ನನ್ನ ಮುಂದಿಟ್ಟ. “ಆಕೀದು ನೀಲಿ ಆಗಿಲ್ರಿ,” ಎಂದ. ನಾನು ತಲೆ ಆಡಿಸಿದೆ. “ಸಾಕ್ಷಿನೂ ಆಗಿಲ್ಲ,” ಎಂದ.

ಹೊರಗೆ ನಮ್ಮಣ್ಣನ ಕಾರು ಹಾರ್ನ್ ಹೊಡೆಯುತ್ತಿತ್ತು. ಸೊಲ್ಲಾಪುರದಲ್ಲಿ ಅಣ್ಣನ ಮಗಳ ನಿಶ್ಚಿತಾರ್ಥ. ಹೆಂಡತಿ ಮಕ್ಕಳು ಆಗಲೇ ಒಳಗೆ ಕೂತಿದ್ದರು. ನಾನು ಪೆನ್ನು ತೆಗೆದೆ.

“ನೆಗೆಟಿವ್ ಅಂತ ಬರೀಬ್ಯಾಡ್ರಿ ಸರ್. ಇದು ನೆಗೆಟಿವ್ ಅಲ್ಲ. ಇದು ಟೆಸ್ಟೇ ಆಗಿಲ್ಲ.”

“ನಾ ಕಣ್ಣಿಲೆ ನೋಡೀನಿ. ಇಪ್ಪತ್ತ ವರ್ಷ ಇದನ್ನೇ ನೋಡಾಕತ್ತೇನಿ.”

“ಬಣ್ಣ ಸತ್ತದ ಅಂತಾದ್ರೂ ಬರೀರಿ. ಎರಡ ದಿನದ ಮಾತು.”

ಹಾರ್ನ್ ಮತ್ತೆ ಕೇಳಿಸಿತು. ನಾನು ‘ಕಬ್ಬಿಣದ ಬಣ್ಣ: ನೆಗೆಟಿವ್’ ಎಂದು ಬರೆದೆ, ಅದರ ಕೆಳಗೆ ಕ್ಯಾನ್ಸರಿನ ಹೆಸರು ಬರೆದೆ, ಸಹಿ ಹಾಕಿದೆ. ನಿಶ್ಚಿತಾರ್ಥದಲ್ಲಿ ಊಟ ಚೆನ್ನಾಗಿತ್ತು. ಇದನ್ನು ಬರೆಯುವಾಗ ಆ ಊಟದ ರುಚಿ ನೆನಪಾಗುತ್ತಿದೆ, ಮತ್ತು ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ.

ಮುಂದಿನ ವಾರ ದ್ರೌಪತಿಯ ಹೆಬ್ಬೆರಳು ತೆಗೆದರು. ರೋಗ ಹರಡಿರಬಹುದೆಂದು ತೊಡೆಸಂದಿನ ಗಂಟುಗಳನ್ನೂ ತೆಗೆದರು. ತೆಗೆದ ಬೆರಳು ಹೈದರಾಬಾದಿಗೆ ಹೋಯಿತು, ಅಲ್ಲಿಯವರು ನಮ್ಮಲ್ಲಿದ್ದ ಮೇಣದ ತುಂಡನ್ನೂ ತರಿಸಿಕೊಂಡು ಹೊಸ ಬಣ್ಣ ಹಾಕಿ ನೋಡಿದರು. ಎಲ್ಲೆಲ್ಲೂ ನೀಲಿ. ಕ್ಯಾನ್ಸರ್ ಎಂದೂ ಇರಲೇ ಇಲ್ಲ. ಅವರ ಪತ್ರ ನನ್ನ ಹೆಸರಿಗೆ ಬಂತು.

ಸರ್ಜನ್ನರ ಆಸ್ಪತ್ರೆಯ ಮ್ಯಾನೇಜರ್ ಮತ್ತು ದ್ರೌಪತಿಯ ಅಣ್ಣ ನನ್ನ ಲ್ಯಾಬಿಗೆ ಬಂದರು. ಹೇಗಾಯಿತು ಎಂದು ಕೇಳಿದರು. ನಾನು ಹೇಳಿದ್ದು ಎರಡೇ ವಾಕ್ಯ: “ಬಣ್ಣದ ದ್ರಾವಣ ಹಳೇದಾಗಿತ್ತು. ಬಣ್ಣ ಹಾಕಿದವ ಮಚ್ಚೇಂದ್ರ.” ಎರಡೂ ನಿಜ. ಇಷ್ಟು ನಿಜ ಹೇಳಿ ಇಷ್ಟು ದೊಡ್ಡ ಸುಳ್ಳು ಕಟ್ಟಬಹುದೆಂದು ನನಗೆ ಆವತ್ತೇ ತಿಳಿದದ್ದು. ಅವನು ಟ್ರೇ ಹಿಡಿದು ಬಾಗಿಲಲ್ಲೇ ನಿಂತಿದ್ದ. ಎಲ್ಲರೂ ಅವನ ಕಡೆ ತಿರುಗಿದರು. ಮ್ಯಾನೇಜರ್ ನನ್ನತ್ತ ಬಾಗಿ, ಅವನಿಗೂ ಕೇಳುವಷ್ಟು ದನಿಯಲ್ಲಿ, “ಅಂಥೋರನ್ನ ಇಟ್ಕೊಂಡ್ರ ಹಿಂಗೇ ಆಗೂದು, ಸರ್,” ಎಂದ. ಅಂಥವರು ಅಂದರೆ ಯಾರು ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ತಪ್ಪು ಅವನ ಮೇಲೆ ಅಷ್ಟು ಸಲೀಸಾಗಿ ಕೂತದ್ದು ನನ್ನ ಮಾತಿನ ಜಾಣ್ಮೆಯಿಂದಲ್ಲ. ನಾನು ಯಾರ ಮಗ, ಅವನು ಯಾರ ಮಗ ಎಂಬುದರಿಂದ. ಆ ಸಲೀಸನ್ನು ನಾನು ಬಳಸಿಕೊಂಡೆ.

ಅವನು ನನ್ನ ಮುಖ ನೋಡಿದ. ಟ್ರೇ ಕೆಳಗಿಟ್ಟ. ಜಾಡಿಗಳನ್ನೆಲ್ಲ ತೊಳೆದು, ಮಗುಚಿ ಸಾಲಾಗಿ ಇಟ್ಟು, ಕೋಟು ಕಳಚಿ ಗೂಟಕ್ಕೆ ಹಾಕಿ ಹೋದ.

ಆಮೇಲೆ ಯಾರೂ ಅವನ ಕೈಗೆ ಅಂಗಾಂಶದ ಕೆಲಸ ಕೊಡಲಿಲ್ಲ. ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ತೆಗೆಯುವುದು, ಸಕ್ಕರೆ ನೋಡುವುದು ಮಾಡುತ್ತ ಆರು ವರ್ಷ ಕಳೆದ. ದಾರಿಯಲ್ಲಿ ಎದುರಾದರೆ ‘ಡಾಕ್ಟರ್ ಸಾಹೇಬ್ರ, ನಮಸ್ಕಾರ್ರಿ’ ಎನ್ನುತ್ತಿದ್ದ. ಅದರಲ್ಲಿ ವ್ಯಂಗ್ಯ ಇದ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಇರಲಿಲ್ಲ. ಅವನು ತಿಂಗಳಿಗೋ ಎರಡು ತಿಂಗಳಿಗೋ ಬೇಮಳಖೇಡಕ್ಕೆ ಹೋಗಿ ಬರುತ್ತಾನೆಂದು ಸಲಾವುದ್ದೀನ್ ಹೇಳಿದ. ತೊಡೆಸಂದಿನ ಗಂಟುಗಳನ್ನು ತೆಗೆದ ಮೇಲೆ ದ್ರೌಪತಿಯ ಕಾಲು ಊದಿಕೊಳ್ಳುತ್ತಿತ್ತಂತೆ. ಪಟ್ಟಿ ಸುತ್ತುವುದನ್ನು ಇವನು ಕಲಿಸಿದ್ದನಂತೆ.

ಮೂರು ವರ್ಷದ ಹಿಂದೆ ಒಮ್ಮೆ ಲ್ಯಾಬಿಗೆ ಬಂದ. ಕೂರಲಿಲ್ಲ. “ಆಕಿ ರಿಪೋರ್ಟ್ ತಿದ್ದಿ ಕೊಡ್ರಿ,” ಎಂದ. ಅಷ್ಟೇ ಅವನ ಬೇಡಿಕೆ. ದ್ರೌಪತಿಯ ಮಗಳು ಪೂನಂ ಮದುವೆಯ ವಯಸ್ಸಿಗೆ ಬಂದಿದ್ದಳು. ನೋಡಲು ಬಂದವರೆಲ್ಲ ತಾಯಿಗೆ ಕ್ಯಾನ್ಸರ್, ನಾಳೆ ಮಗಳಿಗೂ ಬಂದೀತು ಎಂದು ಹಿಂದೆ ಸರಿಯುತ್ತಿದ್ದರು. ಆಸ್ಪತ್ರೆಯವರು ತಪ್ಪಾಯಿತು ಎಂದದ್ದು ಬಾಯಿಮಾತಿನಲ್ಲಿ. ಮನೆಯಲ್ಲಿದ್ದ ಒಂದೇ ಕಾಗದ ನನ್ನದು, ನನ್ನ ಸಹಿ ಇದ್ದದ್ದು. ಹೈದರಾಬಾದಿನ ಪತ್ರ ನನ್ನ ಮೇಜಿನ ಖಾನೆಯಲ್ಲಿತ್ತು. ತಿದ್ದಿದರೆ ತಪ್ಪು ನನ್ನದೆಂದು ಬರೆದುಕೊಟ್ಟಂತೆ. “ವಕೀಲರನ್ನ ಒಂದು ಮಾತು ಕೇಳಿ ಮಾಡ್ತೀನಿ,” ಎಂದೆ. “ಹೌದ್ರಿ,” ಎಂದು ಹೋದ. ನಾನು ವಕೀಲರನ್ನು ಕೇಳಲೂ ಇಲ್ಲ.

ಮಚ್ಚೇಂದ್ರನಂಥವರು ಎಲ್ಲ ಕಸುಬಿನಲ್ಲೂ ಇರುತ್ತಾರೆ. ಕೆಳಗೆ ಸಹಿ ನಮ್ಮದಿರುತ್ತದೆ, ಆ ಸಹಿಯನ್ನು ನಂಬುವಂತೆ ಮಾಡುವ ದುಡಿಮೆ ಅವರದು. ಅವರು ಎಚ್ಚರಿಸುತ್ತಾರೆ, ಒಮ್ಮೆ, ಎರಡು ಸಲ. ಮೂರನೆಯ ಸಲ ಹೇಳುವಷ್ಟು ಅಧಿಕಾರ ನಾವು ಅವರಿಗೆ ಕೊಟ್ಟಿರುವುದಿಲ್ಲ. ನಾವು ಅವರನ್ನು ಗೆಳೆಯ ಎನ್ನುವುದೂ ಉಂಟು. ಆ ಗೆಳೆತನಕ್ಕೆ ಪರೀಕ್ಷೆ ಬಂದ ದಿನ ಹೊರಗೆ ಕಾರು ಕಾಯುತ್ತಿರುತ್ತದೆ.

ಅವನನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಭಾನುವಾರ ಸಿಕ್ಕಿತು. ಹೋದೆ. ದಿಂಬಿಗೆ ಒರಗಿ ಕೂತಿದ್ದ, ಮೂಗಿಗೆ ಆಮ್ಲಜನಕದ ನಳಿಕೆ. ಯಶೋದಾಬಾಯಿ ಸ್ಟೂಲಿನ ಮೇಲಿದ್ದರು, ಏಳಲಿಲ್ಲ. “ಆರ ವರ್ಷಕ್ಕ ದಾರಿ ಸಿಕ್ತೇನ್ರಿ ಡಾಕ್ಟರ?” ಎಂದರು. ನಾನು ಅವನ ಕೈ ಹಿಡಿದು, ಆವತ್ತು ನೀನು ಹೇಳಿದ್ದೆ, ನಾನು ಕೇಳಲಿಲ್ಲ, ಎಲ್ಲರೆದುರು ತಪ್ಪನ್ನು ನಿನ್ನ ಮೇಲೆ ಹಾಕಿದೆ ಎಂದು, ಎಷ್ಟೋ ದಿನದಿಂದ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಮಾತನ್ನೆಲ್ಲ ಹೇಳಿದೆ.

ಅವನು ಪೂರ್ತಿ ಕೇಳಿದ. ಉಸಿರು ಕೂಡಿಸಿಕೊಂಡು, “ನನಗ್ಯಾಕ ಹೇಳಾಕತ್ತೀರಿ, ಡಾಕ್ಟರ್ ಸಾಹೇಬ್ರ? ನಾ ಅಲ್ಲೇ ಇದ್ನಲ್ಲ,” ಎಂದ.

ಸೋಮವಾರ ಬೆಳಿಗ್ಗೆ ಬೇಮಳಖೇಡಕ್ಕೆ ಹೋದೆ. ದ್ರೌಪತಿ ಅಂಗಳದಲ್ಲಿ ಕೂತು ತೊಗರಿ ಕೇರುತ್ತಿದ್ದಳು. ಬಲಗಾಲು ಪಟ್ಟಿ ಸುತ್ತಿಕೊಂಡು ಮುಂದಕ್ಕೆ ಚಾಚಿತ್ತು. ನಾನು ಯಾರೆಂದು ಹೇಳಿದೆ, ಏನು ಮಾಡಿದೆನೆಂದೂ ಹೇಳಿದೆ. ಮೊರ ನಿಲ್ಲಲಿಲ್ಲ.

“ಬೆರಳ ಹೊಳ್ಳಿ ಬರ್ತದೇನ್ರಿ?”

“ಇಲ್ಲವ್ವ.”

“ಮತ್ತ ಏನ್ ತಂದೀರಿ?”

ನಾನು ಖಾಲಿ ಕೈಯಲ್ಲಿ ಹೋಗಿದ್ದೆ. ಅವಳು ಮೊರ ಕೆಳಗಿಟ್ಟಳು. “ಆ ಮನಷ್ಯಾ ಎಷ್ಟ ಸಲ ಬಂದ್ರೂ ನಿಮ್ಮ ಹೆಸರು ಎತ್ತಿಲ್ರಿ. ‘ಬಣ್ಣ ಸತ್ತಿತ್ತವ್ವ, ಗಾಜು ನಾ ಕೊಡಬಾರದಿತ್ತು, ಒಡದು ಹಾಕಬೇಕಿತ್ತು’ ಅಂತಿದ್ದ. ಅವ ಒಡೀಬೇಕಿತ್ತಂತ! ನಿಮಗ ಬರೀಲಾರದ ಇರಾಕ ಆಗ್ತಿದ್ದಿಲ್ಲೇನು?” ಒಳಗಿನಿಂದ ಪೂನಂ ಬಂದು ಬಾಗಿಲಲ್ಲಿ ನಿಂತಳು. ದ್ರೌಪತಿ ಅವಳತ್ತ ಕೈ ಮಾಡಿ, “ಆಕಿಗಿ ಕಾಗದ ಕೊಡ್ರಿ. ನನಗೇನೂ ಬ್ಯಾಡ,” ಎಂದಳು.

ವಾಪಸು ಬರುತ್ತ ಲ್ಯಾಬಿಗೆ ಹೋಗಿ ಖಾನೆಯಿಂದ ಹೈದರಾಬಾದಿನ ಪತ್ರವನ್ನೂ ಲ್ಯಾಬಿನ ಹೆಸರು ಅಚ್ಚಾದ ಹಾಳೆಯನ್ನೂ ತೆಗೆದುಕೊಂಡೆ. ಸಂಜೆ ಐದಕ್ಕೆ ಅವನ ಮಂಚದ ಪಕ್ಕ ಕೂತು ಬರೆದೆ. ವರದಿಗಳನ್ನು ಇಂಗ್ಲಿಷಿನಲ್ಲಿ ಬರೆಯುವವನು ನಾನು. ಪೂನಂ ತಾನೇ ಓದಿಕೊಳ್ಳಲೆಂದು ಕನ್ನಡದಲ್ಲಿ ಬರೆದೆ. ದ್ರೌಪತಿಯವರಿಗೆ ಕ್ಯಾನ್ಸರ್ ಇರಲಿಲ್ಲ. ಗಂಟಿನಲ್ಲಿದ್ದದ್ದು ಹಳೆಯ ರಕ್ತದ ಕಬ್ಬಿಣ. ಆ ದಿನ ಸಾಕ್ಷಿ ಗಾಜು ನೀಲಿಯಾಗಿರಲಿಲ್ಲ. ಪರೀಕ್ಷೆ ಆಗಿಲ್ಲವೆಂದು ಟೆಕ್ನಿಷಿಯನ್ ಮಚ್ಚೇಂದ್ರ ನನಗೆ ಎರಡು ಸಲ ಹೇಳಿದರು. ನಾನು ಕೇಳದೆ ಬರೆದೆ. ಹಳೆಯ ವರದಿ ತಪ್ಪು, ತಪ್ಪು ನನ್ನದು. ಕೆಳಗೆ ಸಹಿ ಮಾಡಿ ಓದಿ ಹೇಳಿದೆ. ಯಶೋದಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿಯ ಕಡೆ ತಿರುಗಿದರು.

ಅವನು ಕೈ ಚಾಚಿದ. ಕನ್ನಡಕ ಹಾಕಿಸಿಕೊಂಡು, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದ. ಬಹಳ ಹೊತ್ತು ಹಿಡಿಯಿತು. ಕ್ಷಮಿಸಿದೆ ಎಂದಾನು ಎಂದು ನಾನು ಕಾದೆ. ಆ ಕ್ಷಣದಲ್ಲೂ ನನಗೆ ನನ್ನದೇ ಚಿಂತೆ.

“ಇದು ಯಾರದಂತ ಹ್ಯಾಂಗ ತಿಳೀಬೇಕ್ರಿ, ಡಾಕ್ಟರ್ ಸಾಹೇಬ್ರ?” ಎಂದ. “ನಂಬರ್ ಹಾಕಿಲ್ಲ.”

ದ್ರೌಪತಿಯ ಚೂರಿಗೆ ಆವತ್ತು ಲ್ಯಾಬಿನಲ್ಲಿ ಕೊಟ್ಟಿದ್ದ ನಂಬರು ನನಗೆ ನೆನಪಿರಲಿಲ್ಲ. ನಾನು ಪೆನ್ನು ಕೊಡಹೋದೆ. ಅವನು ತಲೆ ಅಲ್ಲಾಡಿಸಿ, ಮಂಚದ ತುದಿಯಲ್ಲಿ ಜ್ವರದ ಚಾರ್ಟು ತುಂಬುತ್ತಿದ್ದ ನರ್ಸಿನ ಪೆನ್ಸಿಲ್ಲಿಗೆ ಕೈ ನೀಡಿದ. ಗಾಜಿನ ಮೇಲೆ ಶಾಯಿಯಲ್ಲಿ ಬರೆದರೆ ಬಣ್ಣದ ಜಾಡಿಗಳಲ್ಲಿ ತೊಳೆದುಹೋಗುತ್ತದೆ, ಉಳಿಯುವುದು ಪೆನ್ಸಿಲ್ಲು; ಅವನ ಕಸುಬಿನವರು ಹೆಸರು ನಂಬರುಗಳನ್ನು ಅದರಲ್ಲೇ ಬರೆಯುತ್ತಾರೆ. ನರ್ಸ್ ಚಾರ್ಟಿನ ಹಲಗೆಯನ್ನು ಅವನ ತೊಡೆಯ ಮೇಲಿಟ್ಟಳು. ಅವನು ಹಾಳೆಯ ಮೇಲ್ತುದಿಯಲ್ಲಿ, ನಾನು ಬಿಟ್ಟ ಜಾಗದಲ್ಲಿ, ೪೧೨/೧೮ ಎಂದು ಒತ್ತಿ ಬರೆದ. ಕಣ್ಣಿಗೆ ಹತ್ತಿರ ಹಿಡಿದು ಒಮ್ಮೆ ನೋಡಿದ. ಹಾಳೆಯನ್ನು ಹೆಂಡತಿಗೆ ಕೊಟ್ಟ, ಪೆನ್ಸಿಲ್ಲನ್ನು ನರ್ಸಿಗೆ ವಾಪಸು ಕೊಟ್ಟ.